ಆರನೇ ಪಾಠದ ಚನ್ನಾಜಮ್ಮ

ನಮ್ಮೂರಿನ ಶಾಲೆಯ ಏಳನೇ ತರಗತಿಯ ಕೋಣೆಯಲ್ಲಿ ಉಳಿದ ಕೋಣೆಗಳಿಗಿಂತ ಒಂದು ಬೆಂಚು ಹೆಚ್ಚಿಗೆ ಇದೆ. ಹಿಂದಿನ ಗೋಡೆಗೆ ಒತ್ತಿಕೊಂಡಿರುವ ಆ ಬೆಂಚಿನ ಮೇಲೆ ಮಕ್ಕಳು ಕೂರುವುದಿಲ್ಲ. ಇತಿಹಾಸದ ಪಾಠ ಇರುವ ದಿನ ಬೆಳಿಗ್ಗೆ ಆಯಾ ದುರ್ಗವ್ವ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪಕ್ಕದಲ್ಲಿ ಒಂದು ತಂಬಿಗೆ ಮಜ್ಜಿಗೆ ಇಟ್ಟು ಹೋಗುತ್ತಾಳೆ. ಪಾಠದಲ್ಲಿ ಯಾರ ಹೆಸರಿದೆಯೋ ಅವರು ಬರುತ್ತಾರಲ್ಲ, ಅವರಿಗೆ. ಟೀಚರು ಪುಸ್ತಕ ತೆರೆದು ಹೆಸರು ಓದುತ್ತಿದ್ದ ಹಾಗೆ ಬಾಗಿಲ ಹೊರಗೆ ಪಾದರಕ್ಷೆ ಬಿಡುವ ಸದ್ದಾಗುತ್ತದೆ. ಪಾಠ ಮುಗಿದು ಪುಸ್ತಕ ಮುಚ್ಚಿದರೆ ಹೊರಟುಹೋಗುತ್ತಾರೆ. ನಾನು ಚಿಕ್ಕವಳಿದ್ದಾಗಿನಿಂದ ಹೀಗೇ. ನಮ್ಮಮ್ಮ ಚಿಕ್ಕವಳಿದ್ದಾಗಲೂ ಹೀಗೇ ಇತ್ತಂತೆ. ಅವಳು ಶಾಲೆಗೆ ಹೋದವಳಲ್ಲ, ಕೂಲಿಗೆ ಹೋಗುವಾಗ ಕಿಟಕಿಯಿಂದ ನೋಡಿದ್ದಳು ಅಷ್ಟೇ.

ಬಂದವರು ಪುಸ್ತಕದಲ್ಲಿ ಹೇಗಿದ್ದಾರೋ ಹಾಗೇ ಇರುತ್ತಾರೆ. ಅಲ್ಲಿ ಬರೆದಿರುವುದಕ್ಕಿಂತ ಒಂದು ಮಾತು ಹೆಚ್ಚು ಆಡುವುದಿಲ್ಲ, ಒಂದು ಹೆಜ್ಜೆ ಬೇರೆ ಇಡುವುದಿಲ್ಲ. ಎರಡನೇ ಪಾಠದ ಸನ್ಯಾಸಿ ಸದಾ ಧ್ಯಾನಮಗ್ನ, ಅವನಿಂದ ತೊಂದರೆಯಿಲ್ಲ. ನಾಲ್ಕನೇ ಪಾಠದ ದಳವಾಯಿ ‘ಸಿಂಹದಂತೆ ಘರ್ಜಿಸಿದನು’ ಎಂದು ಬರೆದಿರುವುದರಿಂದ ಆ ದಿನ ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ರಜೆ ಕೊಡುತ್ತೇವೆ. ಐದನೇ ಪಾಠದ ಪರದೇಶದ ಯಾತ್ರಿಕ ಕಂಡಿದ್ದಕ್ಕೆಲ್ಲ ಬೆರಗಾಗುತ್ತಾನೆ. ಅವನು ಬೆರಗಾಗುವುದನ್ನು ನೋಡಬೇಕೆಂದು ಮಕ್ಕಳು ಮನೆಯಿಂದ ಬುಗುರಿ, ಜರಡಿ, ಶ್ಯಾವಿಗೆ ಒತ್ತುವ ಒರಳು ಹೊತ್ತು ತರುತ್ತಾರೆ. ಊರಿನವರಿಗೂ ಇದೆಲ್ಲ ರೂಢಿಯಾಗಿದೆ. ದಳವಾಯಿಯ ದಿನ ಶಾಲೆಯ ಹಿಂದಿನ ಬೀದಿಯವರು ಹಸು ಕರೆಯುವುದನ್ನು ಬೇಗ ಮುಗಿಸಿಕೊಳ್ಳುತ್ತಾರೆ.

ನನ್ನ ಹೆಸರು ಅಂಬುಜ. ಆ ಕೋಣೆಯಲ್ಲೇ ಕಲಿತು, ಹದಿಮೂರು ವರ್ಷಗಳಿಂದ ಅಲ್ಲೇ ಇತಿಹಾಸ ಹೇಳಿಕೊಡುತ್ತಿದ್ದೇನೆ. ನಮ್ಮ ಪುಸ್ತಕವನ್ನು ಬರೆದವರು ನನ್ನ ಗುರುಗಳಾದ ವಿರೂಪಾಕ್ಷಯ್ಯ ಮೇಷ್ಟ್ರು. ನಿವೃತ್ತರಾದ ಮೇಲೂ ಪಠ್ಯಪುಸ್ತಕ ಸಮಿತಿಗೆ ಅವರೇ ಅಧ್ಯಕ್ಷರು. ಏಳನೇ ತರಗತಿ ಮುಗಿದ ಮೇಲೆ ನಮ್ಮಪ್ಪ ನನ್ನನ್ನು ಬಿಡಿಸಬೇಕೆಂದಿದ್ದಾಗ ಮೂರು ಸಲ ನಮ್ಮ ಮನೆ ಬಾಗಿಲಿಗೆ ಬಂದು ಕೂತು, ಓದಿಸುವಂತೆ ಒಪ್ಪಿಸಿದವರು ಅವರು. ಅವರ ಮಾತಿಗೆ ಎದುರಾಡುವ ಯೋಚನೆ ನನಗೆ ಎಂದೂ ಬಂದಿರಲಿಲ್ಲ.

ಪುಸ್ತಕದಲ್ಲಿ ಹದಿನಾಲ್ಕು ಪಾಠ. ಹದಿನಾಲ್ಕರಲ್ಲಿ ಹೆಸರಿಟ್ಟು ಹೇಳಿದ ಹೆಂಗಸು ಒಬ್ಬಳೇ. ಆರನೇ ಪಾಠ ನಮ್ಮೂರಿನದೇ ರಾಜ ಕೆಂಚಭೂಪಾಲನದು. ಎರಡೂವರೆ ಪುಟ ಅವನ ವರ್ಣನೆ: ಅವನು ಸದಾ ಖಡ್ಗಪಾಣಿಯಾಗಿ ನಿಂತು ಪ್ರಜೆಗಳನ್ನು ಕಾಯುತ್ತಿದ್ದನು, ಎಂದೂ ಕಣ್ಣೀರು ಹಾಕಲಿಲ್ಲ, ದೊಡ್ಡ ಕೆರೆಯನ್ನು ಕಟ್ಟಿಸಿದನು, ಪ್ರಜೆಗಳು ಸುಖದಿಂದಿದ್ದರು. ಕೊನೆಗೆ ಒಂದು ವಾಕ್ಯ: ‘ಸುಶೀಲೆಯೂ ಪತಿಪರಾಯಣೆಯೂ ಆದ ಅವನ ರಾಣಿ ಚನ್ನಾಜಮ್ಮ ಯುವರಾಜನಿಗೆ ಜನ್ಮವಿತ್ತಳು.’

ಹಾಗಾಗಿ ಆರನೇ ಪಾಠದ ದಿನ ರಾಜ ಬಂದು ಬೆಂಚಿನ ಪಕ್ಕದಲ್ಲಿ ಕತ್ತಿ ಹಿಡಿದು ನಿಲ್ಲುತ್ತಿದ್ದ. ಪಾಠ ಮುಗಿಯುವವರೆಗೂ ನಿಂತೇ ಇರುತ್ತಿದ್ದ, ಮಜ್ಜಿಗೆ ಮುಟ್ಟುತ್ತಿರಲಿಲ್ಲ. ಕೊನೆಯ ವಾಕ್ಯ ಓದಿದಾಗ ಅವನ ಹಿಂದೆ ಎರಡು ಹೆಜ್ಜೆ ಬಿಟ್ಟು ಚನ್ನಾಜಮ್ಮ ಬಂದು ನಿಲ್ಲುತ್ತಿದ್ದಳು. ತಲೆ ತಗ್ಗಿಸಿರುತ್ತಿದ್ದಳು, ಎರಡೂ ಕೈಯಲ್ಲಿ ಮಗು. ಅಷ್ಟರಲ್ಲಿ ಪುಸ್ತಕ ಮುಚ್ಚುವ ಹೊತ್ತಾಗುತ್ತಿತ್ತು. ನಾನು ಏಳನೇ ತರಗತಿಯಲ್ಲಿದ್ದಾಗ, ಇವರು ಯಾಕೆ ಮಾತಾಡುವುದಿಲ್ಲ ಎಂದು ಮೇಷ್ಟ್ರನ್ನು ಕೇಳಿದ್ದೆ. ಸಂಭಾವಿತ ಹೆಂಗಸು ಕಣಮ್ಮ, ಹೆಚ್ಚು ಮಾತಾಡೋದಿಲ್ಲ ಎಂದಿದ್ದರು. ನಾನೂ ಹನ್ನೆರಡು ವರ್ಷ ಮಕ್ಕಳಿಗೆ ಅದೇ ಉತ್ತರ ಹೇಳಿದೆ.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ, ದೊಡ್ಡ ಕೆರೆಯ ನಡುತೂಬು ಸಿಕ್ಕಿಕೊಳ್ಳದಿದ್ದರೆ. ಕೆರೆಯ ನೀರನ್ನು ಗದ್ದೆಗೆ ಬಿಡುವ ಆ ತೂಬಿನ ಬಾಯಿಗೆ ಎರಡಾಳು ಎತ್ತರದ ಮರದ ಗೂಟವೊಂದು ಜಡಿದಿದೆ. ಅದನ್ನು ಮೇಲೆತ್ತಿದರೆ ನೀರು ಹೊರಡುತ್ತದೆ. ಒಂದು ವರ್ಷ ಅದು ಏಳಲಿಲ್ಲ. ಮರು ವರ್ಷವೂ ಏಳಲಿಲ್ಲ. ಕೆರೆ ಕೋಡಿ ಬೀಳುವಷ್ಟು ತುಂಬಿತ್ತು, ಏರಿಯ ಕೆಳಗಿನ ಗದ್ದೆಗಳು ಒಣಗಿ ಬಿರುಕು ಬಿಟ್ಟಿದ್ದವು. ನೀರು ಬಿಡುವ ಕೆಲಸ ತಲೆತಲಾಂತರದಿಂದ ನೀರುಗಂಟಿ ಬೋರಯ್ಯನ ಮನೆಯವರದು. ಅವನು ಹತ್ತಾಳು ಕಟ್ಟಿಕೊಂಡು ಎಳೆದ, ಹಗ್ಗ ಹರಿಯಿತು. ಹೊರಗಿನಿಂದ ಬಂದ ಎಂಜಿನಿಯರು ಕಲ್ಲು ಒಡೆಯಬೇಕು ಎಂದರು. ಒಡೆದರೆ ಏರಿಯೇ ಹೋಗಬಹುದು ಎಂದು ಯಾರಿಗೂ ಧೈರ್ಯ ಬರಲಿಲ್ಲ.

ಕಟ್ಟಿಸಿದವನನ್ನೇ ಕೇಳಿದರಾಯಿತು ಎಂದು ಊರಿನವರು ತೀರ್ಮಾನಿಸಿದರು. ಆ ವರ್ಷ ಆರನೇ ಪಾಠದ ದಿನ ಬೋರಯ್ಯ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಶಾಲೆಗೆ ಬಂದ. ಕೆಂಚಭೂಪಾಲನ ಮುಂದೆ ಕೈಮುಗಿದು ನಿಂತು ತೂಬಿನ ಕಷ್ಟವನ್ನೆಲ್ಲ ಬಿಡಿಸಿ ಹೇಳಿದ. ರಾಜ ಗಂಭೀರವಾಗಿ ಕೇಳಿಸಿಕೊಂಡು, “ನಾವು ಕೆರೆಯನ್ನು ಕಟ್ಟಿಸಿದೆವು. ಪ್ರಜೆಗಳು ಸುಖದಿಂದಿದ್ದರು” ಎಂದ. ಬೋರಯ್ಯ ಇನ್ನೊಮ್ಮೆ ಕೇಳಿದ. ರಾಜ ಇನ್ನೊಮ್ಮೆ ಅದನ್ನೇ ಹೇಳಿದ. ಹಿರಿಯರು ನಮಸ್ಕಾರ ಮಾಡಿ ಹೊರಟರು. ನಾನು ಕೊನೆಯ ವಾಕ್ಯ ಓದಿದೆ. ಚನ್ನಾಜಮ್ಮ ಮಗು ಎತ್ತಿಕೊಂಡು ಬಂದವಳು ತಲೆ ತಗ್ಗಿಸಿಯೇ ಇದ್ದಳು. ಆದರೆ ಬೋರಯ್ಯ ಹೊಸಿಲು ದಾಟುವಾಗ ಅವಳ ಬಾಯಿ ಏನನ್ನೋ ಹೇಳಹೊರಟಂತೆ ಅರ್ಧ ತೆರೆದು ಹಾಗೇ ನಿಂತಿತು. ನನಗೆ ಕಂಡಿತು. ಮುಂದಿನ ಸಾಲಿನ ರತ್ನಾಕ್ಷಿಗೂ ಕಂಡಿತು. ರತ್ನಾಕ್ಷಿ ನಮ್ಮ ತರಗತಿಯಲ್ಲಿ ಸುಮ್ಮನೆ ಕೂರಲಾರದ ಹುಡುಗಿ. ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದು, ಅವರಿಗೆ ಏನೋ ಗೊತ್ತಿದೆ ಟೀಚರ್, ನಿಮ್ಮ ಪುಸ್ತಕ ಹೇಳಗೊಡ್ತಿಲ್ಲ ಎಂದಳು. ನಿಮ್ಮ ಪುಸ್ತಕ ಎಂದದ್ದು ನನಗೆ ಚುಚ್ಚಿತು.

ಒಂದು ವಾರ ಯೋಚಿಸಿದೆ. ಆಮೇಲೆ ಒಂದು ಚೀಟಿ ಬರೆದು ಆ ವಾಕ್ಯದ ಮೇಲೆ ಅಂಟಿಸಿದೆ. ಬರೆಯುವಾಗ ನನಗೆ ಬಹಳ ಉತ್ಸಾಹ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ‘ವೀರವನಿತೆ ಚನ್ನಾಜಮ್ಮ ಅಶ್ವಾರೂಢಳಾಗಿ, ಕರವಾಲವನ್ನು ಝಳಪಿಸುತ್ತಾ, ಶತ್ರುಗಳ ಎದೆ ನಡುಗಿಸಿದಳು’ ಎಂದು ಬರೆದಿದ್ದೆ. ಅದಕ್ಕೆ ಆಧಾರವೇನೂ ಇರಲಿಲ್ಲ. ಆಕೆಯನ್ನು ಮೇಲೆತ್ತಬೇಕು ಎಂಬ ಆಸೆಯೊಂದೇ ಇತ್ತು.

ತರಗತಿಯಲ್ಲಿ ಆ ಚೀಟಿಯೊಂದನ್ನೇ ಓದಿದೆ. ಬಾಗಿಲಲ್ಲಿ ಪಾದರಕ್ಷೆಯ ಸದ್ದಾಗಲಿಲ್ಲ, ಗೊರಸಿನ ಸದ್ದಾಯಿತು. ಕುದುರೆ ಒಳಗೆ ನುಗ್ಗಿತು. ಎರಡು ಬೆಂಚು ಮಗುಚಿದವು, ಮಜ್ಜಿಗೆ ಚೆಲ್ಲಿತು, ನಕ್ಷೆ ಹರಿಯಿತು. ಮಕ್ಕಳು ಗೋಡೆಗೆ ಅಂಟಿಕೊಂಡರು. ಮೇಲೆ ಕೂತಿದ್ದ ಚನ್ನಾಜಮ್ಮ ಕತ್ತಿ ಝಳಪಿಸುತ್ತಲೇ ಇದ್ದಳು, ಯಾಕೆಂದರೆ ನಾನು ಹಾಗೆ ಬರೆದಿದ್ದೆ. ಅವಳ ಮುಖದಲ್ಲಿ ವೀರವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಕುದುರೆಯ ಮೇಲೆ ಒಂದು ದಿನವೂ ಕೂತವಳಲ್ಲ ಎಂಬುದು ನೋಡಿದರೆ ಗೊತ್ತಾಗುತ್ತಿತ್ತು. ಜಾರಿ ಬೀಳದಿರಲೆಂದು ಇನ್ನೊಂದು ಕೈಯಿಂದ ಕುದುರೆಯ ಜೂಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮಗು ಎತ್ತಿಕೊಂಡಿದ್ದಾಗ ಎಂದೂ ಕಾಣದಿದ್ದ ಅವಳ ಅಂಗೈ ಹಿಡಿತ ಬದಲಿಸುವಾಗ ಒಂದು ಗಳಿಗೆ ತೆರೆದುಕೊಂಡಿತು. ಅಂಗೈ ತುಂಬ ಬಿಳಿಯ ಕಲೆಗಳು, ಬೆರಳ ಸಂದಿಯಲ್ಲಿ ಚರ್ಮ ಸುಕ್ಕಾಗಿ ಗಟ್ಟಿಯಾಗಿತ್ತು.

ಅಂಥ ಕೈಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನಮ್ಮಮ್ಮ ನಿಂಗಮ್ಮ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವಳು. ಸುಣ್ಣ ಸುಟ್ಟ ಕೈ ಯಾವ ಎಣ್ಣೆ ಹಚ್ಚಿದರೂ ಮೊದಲಿನಂತಾಗುವುದಿಲ್ಲ. ನಾನು ಪುಸ್ತಕ ಮುಚ್ಚಿದೆ. ಕುದುರೆಯೂ ರಾಣಿಯೂ ಹೋದರು.

ಸುದ್ದಿ ಸಂಜೆಯೊಳಗೆ ಮೇಷ್ಟ್ರನ್ನು ಮುಟ್ಟಿತು. ಹೇಳಿ ಕಳಿಸಿದರು. ಅವರ ಮನೆಯ ಜಗಲಿಯ ಮೇಲೆ ಕೂತಿದ್ದರು, ನನ್ನನ್ನು ಕೂರಲು ಹೇಳಲಿಲ್ಲ. ಮೂವತ್ತು ವರ್ಷದಲ್ಲಿ ತಮ್ಮ ಪುಸ್ತಕದ ಮೇಲೆ ಚೀಟಿ ಅಂಟಿಸಿದವರು ಯಾರೂ ಇರಲಿಲ್ಲ ಎಂದರು. ಮಕ್ಕಳಿಗೆ ಏಟಾಗಿದ್ದರೆ ಯಾರು ಹೊಣೆ ಎಂದು ಕೇಳಿದರು. ನಾನು ತಪ್ಪಾಯಿತು ಎಂದೆ. ಅವರ ಸಿಟ್ಟು ಅಲ್ಲಿಗೆ ಇಳಿದಂತೆ ಕಂಡಿತು, ಆದರೆ ಮಾತು ಮುಗಿದಿರಲಿಲ್ಲ.

“ಆಕೆ ಕುದುರೆ ಹತ್ತಿದ್ದನ್ನ ಯಾರು ನೋಡಿದ್ರಮ್ಮ?” ಎಂದರು.

ಯಾರೂ ನೋಡಿಲ್ಲ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನನ್ನ ಬಾಯಿಂದ ಇನ್ನೊಂದು ಮಾತೂ ಬಂತು.

“ಸುಶೀಲೆ ಆಗಿದ್ದಿದ್ದನ್ನ ಯಾರು ನೋಡಿದ್ರು ಮೇಷ್ಟ್ರೇ?”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ರಾಣಿಯ ಬಗ್ಗೆ ಒಂದು ವಾಕ್ಯವಾದರೂ ಇರಲಿ ಎಂದು ಬರೆದಿದ್ದಂತೆ. ಏನು ಬರೆಯಬೇಕೆಂದು ತಿಳಿಯದೆ, ಎಲ್ಲ ರಾಣಿಯರ ಬಗ್ಗೆ ಬರೆಯುವುದನ್ನೇ ಬರೆದರಂತೆ. ಅದನ್ನು ಹೇಳುವಾಗ ಅವರ ಧ್ವನಿ ತಗ್ಗಿತ್ತು. ಆಮೇಲೆ, ನೀನು ಕಣ್ಣಾರೆ ಕಂಡದ್ದೇನಾದರೂ ಇದೆಯೇ ಎಂದು ಕೇಳಿದರು. ಅಂಗೈ ಎಂದೆ. ಅಂಗೈಯಲ್ಲಿ ಏನಿತ್ತು ಎಂಬುದನ್ನೂ ಹೇಳಿದೆ.

“ಹಾಗಾದ್ರೆ ಅಷ್ಟನ್ನೇ ಬರಿ. ಒಂದು ಅಕ್ಷರ ಹೆಚ್ಚಿಗೆ ಬೇಡ. ನಾನೂ ಬಂದು ಕೂರ್ತೀನಿ. ಇನ್ನೊಂದ್ಸಲ ಹೀಗೇ ಎಡವಟ್ಟಾದ್ರೆ ಇತಿಹಾಸ ನಿನ್ನ ಕೈಲಿ ಇರಲ್ಲ, ಡ್ರಾಯಿಂಗ್ ಹೇಳಿಕೊಡು.”

ಅಷ್ಟನ್ನೇ ಬರೆಯುವುದು ಎಷ್ಟು ಕಷ್ಟ ಎಂಬುದು ಬರೆಯಲು ಕೂತಾಗ ಗೊತ್ತಾಯಿತು. ಕೈ ತಾನಾಗಿಯೇ ತ್ಯಾಗಮಯಿ ಎನ್ನಲು ಹೋಗುತ್ತಿತ್ತು, ಮಹಾಮಾತೆ ಎನ್ನಲು ಹೋಗುತ್ತಿತ್ತು. ಬರೆದು ಬರೆದು ಹೊಡೆದು ಹಾಕಿದೆ. ಕೊನೆಗೆ ಉಳಿದದ್ದು ಎರಡು ವಾಕ್ಯ: ‘ಚನ್ನಾಜಮ್ಮನ ಅಂಗೈಗಳಲ್ಲಿ ಸುಣ್ಣ ಸುಟ್ಟ ಕಲೆಗಳಿದ್ದವು. ಆಕೆ ತನಗೆ ತೋಚಿದ್ದನ್ನು ಮಾತಾಡುತ್ತಿದ್ದಳು.’ ಎರಡನೆಯದು ನಾನು ಕಂಡದ್ದಲ್ಲ ನಿಜ. ಆದರೆ ಅರ್ಧ ತೆರೆದ ಬಾಯನ್ನು ಕಂಡಿದ್ದೆನಲ್ಲ. ಚೀಟಿ ಅಂಟಿಸುವಾಗ ಪಕ್ಕದಲ್ಲಿದ್ದ ರತ್ನಾಕ್ಷಿ, ಪಾಪ ರಾಜರಿಗೂ ಒಂದು ಸಾಲು ಹಾಕಿ ಟೀಚರ್, ನೋಡಿದಾಗೆಲ್ಲ ನಿಂತೇ ಇರ್ತಾರೆ ಎಂದಳು. ಅವಳ ಮಾತಿಗೆ ‘ರಾಜನು ಕೆಲವೊಮ್ಮೆ ಕುಳಿತುಕೊಳ್ಳುತ್ತಿದ್ದನು’ ಎಂದು ಸೇರಿಸಿದೆ. ಯಾವ ರಾಜನಾದರೂ ಕೆಲವೊಮ್ಮೆ ಕೂತೇ ಕೂತಿರುತ್ತಾನೆ, ಅದಕ್ಕೆ ಆಧಾರ ಬೇಕಾಗಿಲ್ಲ ಎನಿಸಿತು.

ಮೇಷ್ಟ್ರು ಬಂದು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕೆಂಚಭೂಪಾಲ ಎಂದಿನಂತೆ ಬಂದು ಕತ್ತಿ ಹಿಡಿದು ನಿಂತ. ಹೊಸ ಸಾಲು ಓದಿದೆ. ಅವನು ಬೆಂಚನ್ನು ಒಮ್ಮೆ ನೋಡಿದ, ನಮ್ಮನ್ನು ಒಮ್ಮೆ ನೋಡಿದ, ಕತ್ತಿಯನ್ನು ಗೋಡೆಗೆ ಒರಗಿಸಿ ಮೆಲ್ಲಗೆ ಕೂತ. ಮೊಣಕಾಲನ್ನು ಎರಡೂ ಕೈಯಿಂದ ನೀವಿಕೊಂಡ. ಇಡೀ ತರಗತಿ ಉಸಿರು ಬಿಟ್ಟಿತು. ಆಮೇಲೆ ಉಳಿದೆರಡು ಸಾಲು ಓದಿದೆ.

ಚನ್ನಾಜಮ್ಮ ಬಾಗಿಲಲ್ಲಿ ಬಂದು ನಿಂತಳು. ಕುದುರೆ ಇಲ್ಲ, ಕತ್ತಿ ಇಲ್ಲ, ತಲೆ ತಗ್ಗಿಸಿರಲಿಲ್ಲ. ಮೂವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಹೆಂಗಸು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಮೊದಲು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

“ಮಗು ಎಲ್ಲಿ?” ಎಂದಳು.

ಹಳೆಯ ವಾಕ್ಯದ ಮೇಲೆ ಚೀಟಿ ಅಂಟಿಸಿ ಮಗುವನ್ನೂ ಮುಚ್ಚಿಹಾಕಿದ್ದೆ. ಅವಸರದಿಂದ ಪೆನ್ನು ತೆಗೆದು ‘ಅವಳಿಗೆ ಒಬ್ಬ ಮಗನಿದ್ದನು’ ಎಂದು ಬರೆಯಹೊರಟೆ. ಮೇಷ್ಟ್ರು ಕೂತಲ್ಲಿಂದಲೇ ಬಗ್ಗಿ ನೋಡುತ್ತಿದ್ದವರು, “ಅವಳಿಗೆ ಯಾಕಮ್ಮ, ಅವರಿಗೆ ಅನ್ನು” ಎಂದರು. ವ್ಯಾಕರಣ ತಿದ್ದುವವರ ಹಾಗೆ ಹೇಳಿದರು. ಅದು ವ್ಯಾಕರಣಕ್ಕಾಗಿ ಹೇಳಿದ್ದೋ ಬೇರೆಯದಕ್ಕೋ ಇವತ್ತಿಗೂ ನನಗೆ ತಿಳಿಯದು. ‘ಅವರಿಗೆ ಒಬ್ಬ ಮಗನಿದ್ದನು’ ಎಂದು ತಿದ್ದಿ ಓದಿದೆ. ಮಗು ಬಂತು. ಈ ಸಲ ರಾಜನ ತೊಡೆಯ ಮೇಲೆ ಬಂತು. ಬಂದದ್ದೇ ಅವನ ಮೀಸೆ ಹಿಡಿದು ಎಳೆಯಿತು. ಕೆಂಚಭೂಪಾಲ ತಬ್ಬಿಬ್ಬಾಗಿ ಮಗುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಚನ್ನಾಜಮ್ಮ ಅದನ್ನು ನೋಡಿ, ಸರಿ, ಇರಲಿ ಅಲ್ಲೇ ಎಂದು ಬೆಂಚಿನ ಮೇಲೆ ಕೂತು ತಂಬಿಗೆ ಎತ್ತಿ ಗಟಗಟನೆ ಮಜ್ಜಿಗೆ ಕುಡಿದಳು.

ನಾನು ತೂಬಿನ ವಿಷಯ ಹೇಳಿದೆ. ಆಕೆ ನಡುವೆ ಬಾಯಿ ಹಾಕಿ, ಎಷ್ಟು ಜನ ಎಳೆದರು, ಯಾವ ಕಡೆಯಿಂದ ಎಳೆದರು ಎಂದು ವಿಚಾರಿಸಿದಳು. ಹಗ್ಗ ಹರಿಯಿತು ಎಂದಾಗ ಲೊಚಗುಟ್ಟಿದಳು. ಎಳೆದರೆ ಬರುವುದಲ್ಲ ಅದು, ನೋಡದೆ ಹೇಳಿದರೆ ನಿಮಗೆ ತಿಳಿಯುವುದೂ ಇಲ್ಲ, ನಡೆಯಿರಿ ಎಂದು ಎದ್ದಳು.

ಕೆರೆ ಒಂದೂವರೆ ಮೈಲಿ. ಪುಸ್ತಕ ಮುಚ್ಚಿದರೆ ಆಕೆ ಇರುವುದಿಲ್ಲ, ಪಾಠ ಮುಗಿದರೂ ಇರುವುದಿಲ್ಲ. ಏನು ಮಾಡಬೇಕೆಂದು ನಾನು ಯೋಚಿಸುವಷ್ಟರಲ್ಲಿ ರತ್ನಾಕ್ಷಿ ಪುಸ್ತಕವನ್ನು ತೆರೆದ ಹಾಗೇ ಎತ್ತಿಕೊಂಡು, ಹಾಳೆ ಮಗುಚದಂತೆ ಹೆಬ್ಬೆರಳು ಒತ್ತಿ, ಚೀಟಿಯ ಮೊದಲ ಸಾಲಿನಿಂದ ಮತ್ತೆ ಓದಲು ಶುರುಮಾಡಿದಳು. ಓದುತ್ತಲೇ ಹೊಸಿಲು ದಾಟಿದಳು. ಅವಳ ಹಿಂದೆ ಚನ್ನಾಜಮ್ಮ, ಆಕೆಯ ಹಿಂದೆ ಮೂವತ್ತೆಂಟು ಮಕ್ಕಳು, ನಾನು, ಛತ್ರಿ ಹಿಡಿದ ಮೇಷ್ಟ್ರು. ಕತ್ತಿಯನ್ನು ಗೋಡೆಗೇ ಬಿಟ್ಟು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಂಚಭೂಪಾಲ ಕೊನೆಯಲ್ಲಿ ಬಂದ. ರತ್ನಾಕ್ಷಿಯ ಗಂಟಲು ಕಟ್ಟಿದಾಗ ಇನ್ನೊಬ್ಬಳು ಪುಸ್ತಕ ಹಿಡಿದಳು, ಅವಳಾದ ಮೇಲೆ ಮತ್ತೊಬ್ಬ. ಅಂಗಡಿ ಬೀದಿಯಲ್ಲಿ ಜನ ಎದ್ದು ನಿಂತರು. ಒಂದೇ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದುತ್ತ ಹೋಗುವ ಮಕ್ಕಳನ್ನೂ, ಬಿಸಿಲಿನಲ್ಲಿ ಬಿರಬಿರನೆ ನಡೆಯುವ ರಾಣಿಯನ್ನೂ ನೋಡಿ ಅವರಿಗೆ ಏನು ಅರ್ಥವಾಯಿತೋ, ಅರ್ಧ ಊರು ಹಿಂದೆ ಬಂತು. ನಮ್ಮ ಬೀದಿಯ ಮೂಲೆಯಲ್ಲಿ ಅಮ್ಮ ಅಕ್ಕಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಅವಳೂ ಬಂದಳು.

ಏರಿ ಹತ್ತುವಾಗ ಗಾಳಿ ಜೋರಾಯಿತು. ಪುಸ್ತಕ ಹಿಡಿದಿದ್ದ ಹುಡುಗನಿಗೆ ದಮ್ಮು ಸಾಲದೆ ಮಾತು ನಿಂತಿತು. ಚನ್ನಾಜಮ್ಮನ ಸೀರೆಯ ಬಣ್ಣ ಮಾಸಿದ ಹಾಗೆ ಕಂಡಿತು, ಆಕೆಯ ಹಿಂದಿನ ಕೆರೆ ಆಕೆಯ ಮೂಲಕವೇ ಕಾಣಿಸತೊಡಗಿತು. ನಾನು ಓಡಿದೆ. ಆದರೆ ನನಗಿಂತ ಮೊದಲು ಮೇಷ್ಟ್ರು ಛತ್ರಿ ಬಿಸಾಕಿ ಪುಸ್ತಕ ತೆಗೆದುಕೊಂಡರು. ಎಪ್ಪತ್ತೆರಡು ವರ್ಷದ ಆ ಮನುಷ್ಯ, ಮೂರು ತರಗತಿಗೆ ಕೇಳಿಸುವಂತೆ ಪಾಠ ಹೇಳುತ್ತಿದ್ದ ಅದೇ ಹಳೆಯ ಧ್ವನಿಯಲ್ಲಿ, ‘ಚನ್ನಾಜಮ್ಮನ ಅಂಗೈಗಳಲ್ಲಿ ಸುಣ್ಣ ಸುಟ್ಟ ಕಲೆಗಳಿದ್ದವು’ ಎಂದು ಓದಿದರು. ಆಕೆ ಮತ್ತೆ ತುಂಬಿಕೊಂಡಳು. ಅಲ್ಲಿಂದ ಮುಂದೆ ಪುಸ್ತಕವನ್ನು ಅವರು ಯಾರಿಗೂ ಕೊಡಲಿಲ್ಲ.

ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ತೂಬಿನ ಪಕ್ಕದ ಮೆಟ್ಟಿಲಿನಲ್ಲಿ ಕಮಲ ಕೆತ್ತಿದ ಚಪ್ಪಡಿಯೊಂದಿದೆ. ನಾವೆಲ್ಲ ಅದರ ಮೇಲೆ ಬಟ್ಟೆ ಒಗೆದಿದ್ದೇವೆ. ಅದನ್ನು ಸರಿಸಿ ಎಂದಳು ಚನ್ನಾಜಮ್ಮ. ಸರಿಸಿದರೆ ಕೆಳಗೆ ಕೈ ಹಿಡಿಸುವಷ್ಟು ಕಿಂಡಿ, ಹೂಳು ತುಂಬಿಕೊಂಡಿತ್ತು. ಇದು ಮರಿತೂಬು, ಮೊದಲು ಇದು ತೆರೆಯಬೇಕು ಎಂದಳು. ಏರಿಯ ಆಚೆ, ಗದ್ದೆಯ ಕಡೆ ಇರುವ ಬಾಯಿಗೆ ಹಲಗೆ ಅಡ್ಡ ಇಡಲು ಇಬ್ಬರನ್ನು ಕಳಿಸಿದಳು. ಬೋರಯ್ಯ ಹೂಳು ಬಗೆದ. ನೀರು ಗುಳುಗುಳು ಎನ್ನುತ್ತ ಕಿಂಡಿಯಿಂದ ಇಳಿಯಿತು.

“ಒಳಗೆ ಬರಿದು, ಮೇಲೆ ಕೆರೆ ತುಂಬ ನೀರು. ಅಷ್ಟೂ ಭಾರ ಗೂಟದ ಮೇಲೆ ಕೂತಿರುತ್ತೆ. ಹತ್ತಾಳಲ್ಲ, ನೂರಾಳು ಎಳೆದ್ರೂ ಏಳಲ್ಲ. ಒಳಗೂ ನೀರು ತುಂಬಲಿ. ಆಮೇಲೆ ಮಗು ಎತ್ತಿದಂಗೆ ಎತ್ತಬೋದು” ಎಂದಳು.

ತುಂಬುವವರೆಗೆ ಕಾಯಬೇಕಾಗಿತ್ತು. ಆಕೆ ಮೆಟ್ಟಿಲ ಮೇಲೆ ಕೂತಳು. ನಮ್ಮಮ್ಮ ಸಂಕೋಚದಿಂದ ಹತ್ತಿರ ಹೋಗಿ ತನ್ನ ಎರಡೂ ಅಂಗೈ ತೋರಿಸಿದಳು. ಚನ್ನಾಜಮ್ಮ ಅವನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಸುಣ್ಣದ ಜೊತೆ ಏನು ಹಾಕಿ ಅರೆಯುತ್ತಿದ್ದಿರಿ ಎಂದು ವಿಚಾರಿಸಿದಳು. ಅಮ್ಮ ಹೇಳಿದಳು. ನಾವು ಬೆಲ್ಲದ ನೀರು ಹಾಕುತ್ತಿದ್ದೆವು ಎಂದಳು ಚನ್ನಾಜಮ್ಮ. ಬೆಲ್ಲ ಹಾಕಿದರೆ ಇರುವೆ ಬರುವುದಿಲ್ಲವೇ ಎಂದು ಅಮ್ಮ. ಇಬ್ಬರೂ ಅಕ್ಕಪಕ್ಕದ ಮನೆಯವರ ಹಾಗೆ ಮಾತಾಡುತ್ತ ಕೂತರು. ನಮ್ಮಮ್ಮ ತನ್ನ ಕೆಲಸದ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನು ಎಂದೂ ಕೇಳಿರಲಿಲ್ಲ, ಅದಕ್ಕೇ ಅವಳು ಹೇಳಿರಲಿಲ್ಲ.

ಕೆರೆ ಕಟ್ಟಿದವರು ನೀವೇನಾ ಎಂದು ರತ್ನಾಕ್ಷಿ ಕೇಳಿದಳು. ಮೇಷ್ಟ್ರ ಓದು ಒಂದು ಕ್ಷಣ ತಡೆದು ಮತ್ತೆ ಮುಂದುವರಿಯಿತು. ಚನ್ನಾಜಮ್ಮ ಮಗುವನ್ನು ಆಡಿಸುತ್ತ ನಿಂತಿದ್ದ ರಾಜನ ಕಡೆ ನೋಡಿ ನಕ್ಕಳು.

“ಅವರು ಕಟ್ಟಿಸಿದ್ರು. ಅದೇನು ಸುಳ್ಳಲ್ಲ. ಕಟ್ಟಿದ್ದು ನಾವು. ನಾನು ಕಲ್ಲುಕುಟಿಗರ ಮನೆ ಮಗಳು, ತೂಬಿನ ಲೆಕ್ಕ ನಮ್ಮಪ್ಪ ಕಲಿಸಿದ್ದ. ನಮ್ಮ ಹಟ್ಟಿ ಹೆಣ್ಣಾಳು ನಲವತ್ತು ಜನ ಗಾರೆ ಅರೆದ್ರು. ನನ್ನೊಬ್ಬಳ ಹೆಸರು ಬರೆದ್ರೆ ಅವರು ನನ್ನ ಬೈತಾರೆ.”

ಅಷ್ಟರಲ್ಲಿ ಕಿಂಡಿಯ ಸದ್ದು ನಿಂತಿತು. ಒಳಗೂ ಹೊರಗೂ ನೀರು ಸಮವಾಗಿತ್ತು. ಬೋರಯ್ಯ ಗೂಟದ ಹಗ್ಗಕ್ಕೆ ಕೈ ಹಾಕಿದ, ಜೊತೆಗೆ ಒಬ್ಬನೇ ಒಬ್ಬ. ಗೂಟ ಒಮ್ಮೆ ಅಲುಗಾಡಿ ಎದ್ದಿತು. ಆಚೆ ಹಲಗೆ ತೆಗೆದರು. ಎರಡು ವರ್ಷದ ನೀರು ಕಾಲುವೆಗೆ ಇಳಿಯಿತು. ಬೋರಯ್ಯ ಹಗ್ಗ ಹಿಡಿದುಕೊಂಡೇ ಅತ್ತ. ಅವನನ್ನು ನೋಡಿ ಕೆಂಚಭೂಪಾಲನ ಕಣ್ಣೂ ತುಂಬಿದ ಹಾಗಿತ್ತು, ಆದರೆ ನೀರು ಕೆಳಗಿಳಿಯಲಿಲ್ಲ. ಪುಸ್ತಕದಲ್ಲಿ ‘ಎಂದೂ ಕಣ್ಣೀರು ಹಾಕಲಿಲ್ಲ’ ಎಂಬ ಸಾಲು ಇನ್ನೂ ಹಾಗೇ ಇತ್ತು. ಅದನ್ನು ಮೇಷ್ಟ್ರು ಗಮನಿಸಿದರು. ಜೇಬಿನಿಂದ ಪೆನ್ಸಿಲು ತೆಗೆದು ಪುಸ್ತಕದಲ್ಲಿ ಏನನ್ನೋ ಹೊಡೆದು ಹಾಕಿದರು. ರಾಜ ಮುಖ ಆಚೆ ತಿರುಗಿಸಿ ಮಗುವಿನ ಅಂಗಿಯಿಂದ ಕಣ್ಣು ಒರೆಸಿಕೊಂಡ.

ಹೊಸ ಪುಸ್ತಕ ಬರಲು ಒಂದು ವರ್ಷ ಹಿಡಿಯಿತು. ಮೇಷ್ಟ್ರೂ ನಾನೂ ಕೂತು ಬರೆದೆವು. ಎಲ್ಲ ಸುಸೂತ್ರವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ರಾಜನನ್ನು ಕೂರಿಸಿ ಮಗು ಕೊಟ್ಟದ್ದು ಊರಿಗೇ ಅವಮಾನ ಎಂದು ಸಮಿತಿಯಲ್ಲಿ ಇಬ್ಬರು ಎದ್ದು ಹೋದರು, ಒಬ್ಬರು ಮಾತ್ರ ವಾಪಸು ಬಂದರು. ನಲವತ್ತು ಹೆಣ್ಣಾಳುಗಳಲ್ಲಿ ಚನ್ನಾಜಮ್ಮ ನೆನಪಿಟ್ಟು ಹೇಳಿದ ಹೆಸರು ಇಪ್ಪತ್ತಾರು. ಅಷ್ಟನ್ನೂ ಬರೆದೆವು. ಉಳಿದವರನ್ನು ‘ಇನ್ನೂ ಹದಿನಾಲ್ಕು ಜನ’ ಎಂದು ಬರೆದಿದ್ದೇವೆ. ಅವರು ಬಾಗಿಲವರೆಗೆ ಬಂದು ನಿಲ್ಲುತ್ತಾರೆ, ಹೆಸರಿಲ್ಲದ್ದರಿಂದ ಒಳಗೆ ಬರುವುದಿಲ್ಲ. ಅದಕ್ಕೇನು ಮಾಡಬೇಕೆಂದು ಇನ್ನೂ ಹೊಳೆದಿಲ್ಲ. ದಳವಾಯಿಯ ಘರ್ಜನೆಯನ್ನು ತೆಗೆದು, ಅವನಿಗೆ ಹಿತ್ತಲಿನಲ್ಲಿ ಬದನೆ ಬೆಳೆಸುವ ಹವ್ಯಾಸವಿತ್ತು ಎಂದು ಶಾಸನದಲ್ಲಿ ಸಿಕ್ಕಿದ್ದನ್ನು ಸೇರಿಸಿದೆವು. ಈಗ ಅವನು ಬಂದರೆ ಮಕ್ಕಳ ಜೊತೆ ಹುಳದ ಕಾಟದ ಬಗ್ಗೆ ಮಾತಾಡುತ್ತಾನೆ. ಸನ್ಯಾಸಿಯ ಬಗ್ಗೆ ಏನೂ ಸಿಗಲಿಲ್ಲ, ಅವನು ಧ್ಯಾನದಲ್ಲೇ ಇದ್ದಾನೆ.

ಹೊಸ ಪುಸ್ತಕದಿಂದ ಆರನೇ ಪಾಠವನ್ನು ಮೊದಲ ಸಲ ಓದಿದ ದಿನ ಕೋಣೆಯಲ್ಲಿ ಜಾಗ ಸಾಲಲಿಲ್ಲ. ಆ ಇಪ್ಪತ್ತಾರು ಹೆಂಗಸರು ನೆಲದ ಮೇಲೆ ಮಕ್ಕಳ ನಡುವೆ ಕೂತರು. ಯಾರೋ ಒಬ್ಬಾಕೆ ಎಲೆ ಅಡಿಕೆ ಕೇಳಿದಳು, ದುರ್ಗವ್ವ ತನ್ನ ಚೀಲ ಬಿಚ್ಚಿದಳು. ಚನ್ನಾಜಮ್ಮ ಎಲ್ಲರನ್ನೂ ಮಾತಾಡಿಸಿಕೊಂಡು ಬಂದು ಕಿಟಕಿಯ ಪಕ್ಕ ಕೂತಳು. ಹೊರಗೆ ಗದ್ದೆಗಳು ಹಸಿರಾಗಿದ್ದವು, ತಂಪು ಗಾಳಿ ಬರುತ್ತಿತ್ತು. ನಾನು ಓದುತ್ತ ಆಕೆಯ ಪಾಲಿನ ಪುಟಕ್ಕೆ ಬಂದು, ಹೇಗಿದೆ ಎಂದು ಕೇಳೋಣವೆಂದು ತಲೆ ಎತ್ತಿದೆ. ಆಕೆ ಗೋಡೆಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದಳು. ನಾನು ಪುಸ್ತಕವನ್ನು ಮುಂದಿನ ಸಾಲಿನ ಮಗುವಿಗೆ ಕೊಟ್ಟು ತುಟಿಯ ಮೇಲೆ ಬೆರಳಿಟ್ಟೆ. ಮಗು ತಲೆ ಆಡಿಸಿತು. ಉಳಿದ ಪಾಠವನ್ನು ಮಕ್ಕಳು ಒಬ್ಬರಾದ ಮೇಲೆ ಒಬ್ಬರು, ಆಕೆಗೆ ಎಚ್ಚರವಾಗದ ಹಾಗೆ, ಮೆಲುದನಿಯಲ್ಲಿ ಓದಿದರು.